ಬೋಲ್ ಪಂದ್ಯಕ್ಕೆ ಕೈಕೊಟ್ಟ ಹುಡುಗ ಮೋಸ ಮಾಡಿದನಾ?

ಪ್ರಶ್ನೆ: ನಾವು ಹದಿನೆಂಟು ವರ್ಷದಿಂದ ಅಮೆರಿಕದಲ್ಲಿದ್ದೇವೆ. ಮಗಳು ಇಲ್ಲಿನ ಒಂದು ಯೂನಿವರ್ಸಿಟಿಯ ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಟ್ರಂಪೆಟ್ ಊದುತ್ತಾಳೆ. ಈ ಸಲ ಅವರ ಫುಟ್‌ಬಾಲ್ ತಂಡಕ್ಕೆ ಬೋಲ್ ಪಂದ್ಯ ಸಿಕ್ಕಿತು. ಕ್ರಿಸ್‌ಮಸ್ ರಜೆಗೆ ಮನೆಗೆ ಬಂದವಳು ಮೂರೇ ದಿನಕ್ಕೆ ಬ್ಯಾಂಡ್ ಬಸ್ ಹತ್ತಿದಳು. ನಾವೂ ವಿಮಾನ, ಹೋಟೆಲು, ಟಿಕೆಟು ಅಂತ ಖರ್ಚು ಮಾಡಿ ಹೋದೆವು. ನೋಡಿದರೆ ತಂಡದ ದೊಡ್ಡ ಆಟಗಾರ ಜಾಕೆಟ್ ಹಾಕಿಕೊಂಡು ಸೈಡ್‌ಲೈನ್‌ನಲ್ಲಿ ನಿಂತಿದ್ದ. ಗಾಯವೇನೂ ಇಲ್ಲ. ಏಪ್ರಿಲ್‌ನಲ್ಲಿ ಎನ್‌ಎಫ್‌ಎಲ್ ಅನ್ನುವ ವೃತ್ತಿಪರ ಲೀಗ್‌ನ ಡ್ರಾಫ್ಟ್, ಅಂದರೆ ಆಟಗಾರರ ಆಯ್ಕೆ, ಇದೆ, ಅದಕ್ಕೇ ಆಡಲ್ಲ ಅಂದನಂತೆ. ಮಗಳಿಗೆ ಸಿಕ್ಕಾಪಟ್ಟೆ ಸಿಟ್ಟು. 'ನಾನು ರಜೆ ಬಿಟ್ಟು ಬಂದೆ, ಇವನಿಗೇನಂತೆ?' ಅಂತಾಳೆ. ನನಗೂ ಇದು ತಂಡಕ್ಕೆ ಮಾಡಿದ ಮೋಸ ಅನ್ನಿಸಿತು. ನೀವು ಆಟಗಾರರ ಜತೆ ಕೆಲಸ ಮಾಡುವವರು. ಇದು ಸರಿನಾ? ಮುಂದಿನ ವರ್ಷವೂ ದುಡ್ಡು ಹಾಕಿ ಹೋಗಬೇಕಾ?

ಉತ್ತರ: ನಿಮ್ಮ ಮಗಳ ಸಿಟ್ಟು ನ್ಯಾಯವಾದದ್ದೇ. ಅದನ್ನು ಸಮಾಧಾನ ಮಾಡಿ ಮುಚ್ಚಿಹಾಕುವ ಕೆಲಸ ನನ್ನದಲ್ಲ. ಆದರೆ 'ಮೋಸ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ನಾನು ಫಿಸಿಯೋಥೆರಪಿಸ್ಟ್. ಮೊಣಕಾಲಿನ ಆಪರೇಷನ್ ಆದ ಆಟಗಾರರನ್ನು ಮತ್ತೆ ನಡೆಸುವುದು, ಆಮೇಲೆ ಓಡಿಸುವುದು ನನ್ನ ದಿನದ ಕೆಲಸ. ಹಾಗಾಗಿ ಉತ್ತರ ಸ್ವಲ್ಪ ಮೊಣಕಾಲಿನ ಕಡೆಗೇ ವಾಲುತ್ತದೆ, ಸಹಿಸಿಕೊಳ್ಳಿ.

ಊರಲ್ಲಿ ಕೂತು ಓದುವವರಿಗೆ ಎರಡು ಮಾತು. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು, ಉದ್ದುದ್ದ ಚೆಂಡು ಹಿಡಿದು, ಒಬ್ಬರ ಮೇಲೊಬ್ಬರು ಬಿದ್ದು ಆಡುವ ಆಟ. ಕಾಲೇಜು ತಂಡಗಳ ಸೀಸನ್ ಆಗಸ್ಟ್ ಕೊನೆಗೆ ಶುರುವಾಗಿ ಡಿಸೆಂಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ಅದಾದ ಮೇಲೆ ಚೆನ್ನಾಗಿ ಆಡಿದ ತಂಡಗಳಿಗೆ ಬಹುಮಾನದ ಹಾಗೆ ಸಿಗುವ ಒಂದು ಪಂದ್ಯವೇ ಬೋಲ್. 1902ರಲ್ಲಿ ಪಸಾಡೆನಾದಲ್ಲಿ ನಡೆದ ಪಂದ್ಯದಿಂದ ಶುರುವಾದ ಪದ್ಧತಿ. ಈಗ ನಲವತ್ತರ ಆಸುಪಾಸು ಬೋಲ್‌ಗಳಿವೆ. ಕೆಲವಕ್ಕೆ ತಿಂಡಿಯ ಹೆಸರು, ಕೆಲವಕ್ಕೆ ಮಯೋನೀಸ್ ಕಂಪನಿಯ ಹೆಸರು. ಮಯೋನೀಸ್ ಬೋಲ್ ಗೆದ್ದ ಕೋಚ್ ತಲೆ ಮೇಲೆ ಬಕೆಟ್ ತುಂಬ ಮಯೋನೀಸ್ ಸುರಿಯುತ್ತಾರೆ. ಸುಮ್ನೆ ಹೇಳಿದೆ. ಆದರೆ ಈ ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಕ್ಯಾಲೆಂಡರ್ ನೋಡೋಣ. ಬೋಲ್‌ಗಳು ಇರುವುದು ಡಿಸೆಂಬರ್ ಮಧ್ಯದಿಂದ ಜನವರಿ ಶುರುವಿನವರೆಗೆ. ಫೆಬ್ರವರಿ ಕೊನೆಗೆ ಇಂಡಿಯಾನಾಪೊಲಿಸ್‌ನಲ್ಲಿ ಎನ್‌ಎಫ್‌ಎಲ್‌ನವರ ಕಂಬೈನ್. ಅಲ್ಲಿ ಹುಡುಗರನ್ನು ಓಡಿಸಿ, ಹಾರಿಸಿ, ತೂಕ ನೋಡಿ, ತಂಡಗಳ ಡಾಕ್ಟರುಗಳು ಒಂದೊಂದು ಕೀಲನ್ನೂ ಎಳೆದು ತಿರುಗಿಸಿ ನೋಡುತ್ತಾರೆ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ಅಂದರೆ ತಪ್ಪಾಗಲಾರದು. ಏಪ್ರಿಲ್ ಕೊನೆಗೆ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳುವುದು. ಏಳು ಸುತ್ತು, ಎಲ್ಲ ಸೇರಿ ಇನ್ನೂರೈವತ್ತು ಚಿಲ್ಲರೆ ಹುಡುಗರು. ಯಾರು ಎಷ್ಟನೆಯವರಾಗಿ ಆಯ್ಕೆಯಾದರು ಅನ್ನುವುದರ ಮೇಲೆ ಮೊದಲ ನಾಲ್ಕು ವರ್ಷದ ಸಂಬಳ ನಿಂತಿರುತ್ತದೆ. 2011ರಿಂದ ಈ ಸಂಬಳಕ್ಕೆ ಕಟ್ಟುನಿಟ್ಟಿನ ಲೆಕ್ಕ ಇದೆ, ಚೌಕಾಸಿಗೆ ಜಾಸ್ತಿ ಜಾಗ ಇಲ್ಲ.

ಮೊಣಕಾಲಿನ ಒಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿದರೆ ಆಪರೇಷನ್ ಆಗಿ ಮತ್ತೆ ಮೈದಾನಕ್ಕಿಳಿಯಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ಸೆಪ್ಟೆಂಬರ್‌ನಲ್ಲಿ ಹರಿದರೆ ಆ ಸೀಸನ್ ಹೋಯಿತು, ಸರಿ. ಆದರೆ ಡ್ರಾಫ್ಟ್ ಹೊತ್ತಿಗೆ ಹುಡುಗ ನೆಟ್ಟಗೆ ಓಡುತ್ತಿರುತ್ತಾನೆ. ಡಿಸೆಂಬರ್ 30ಕ್ಕೆ ಹರಿದರೆ? ಕಂಬೈನ್‌ಗೆ ಕುಂಟುತ್ತಾ ಹೋಗಬೇಕು. ಡ್ರಾಫ್ಟ್‌ಗೂ ಹಾಗೇ. ಎನ್‌ಎಫ್‌ಎಲ್‌ನ ಮೊದಲ ಸೀಸನ್‌ನಲ್ಲೂ ಅರ್ಧ ಕಳೆದುಹೋಗುತ್ತದೆ. ಗಾಯ ಒಂದೇ, ಕಾಲೂ ಒಂದೇ. ಆದರೆ ಬೆಲೆ ಬೇರೆ. ಜನ 'ಇಡೀ ಸೀಸನ್ ಆಡಿದವನಿಗೆ ಇನ್ನೊಂದು ಪಂದ್ಯ ಏನು ಮಹಾ' ಅಂತ ಕೇಳುತ್ತಾರಲ್ಲ, ಅವರು ಗಾಯ ಆಗುವ ಸಾಧ್ಯತೆಯನ್ನು ಲೆಕ್ಕ ಹಾಕುತ್ತಿದ್ದಾರೆ. ಹುಡುಗ ಲೆಕ್ಕ ಹಾಕುವುದು ಗಾಯ ಆಗುವ ತಾರೀಖನ್ನು.

ಈ ಲೆಕ್ಕ ಎಲ್ಲರ ತಲೆಗೆ ಹೋದದ್ದು ಜೇಲನ್ ಸ್ಮಿತ್‌ನಿಂದ. ನೋಟರ್ ಡೇಮ್ ಯೂನಿವರ್ಸಿಟಿಯ ಲೈನ್‌ಬ್ಯಾಕರ್, ಅಂದರೆ ಎದುರಾಳಿಯನ್ನು ತಡೆದು ಕೆಡವುವವನು. ಡ್ರಾಫ್ಟ್‌ನಲ್ಲಿ ಮೊದಲ ಐದರಲ್ಲಿ ಒಬ್ಬ ಅಂತ ಎಲ್ಲರೂ ಹೇಳುತ್ತಿದ್ದರು. 2016ರ ಜನವರಿ 1, ಫಿಯೆಸ್ಟಾ ಬೋಲ್, ಎದುರು ಓಹಾಯೋ ಸ್ಟೇಟ್. ಎಡ ಮೊಣಕಾಲಿನ ಎರಡು ಲಿಗಮೆಂಟ್ ಹರಿದವು. ಅಷ್ಟೇ ಆಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ಪಕ್ಕದಲ್ಲಿ ಹಾದುಹೋಗುವ ನರಕ್ಕೂ ಪೆಟ್ಟಾಯಿತು. ಆ ನರ ಪಾದವನ್ನು ಮೇಲಕ್ಕೆತ್ತುವ ನರ. ಅದು ಕೆಲಸ ಬಿಟ್ಟರೆ ಹೆಜ್ಜೆ ಎತ್ತಿದಾಗ ಪಾದ ಜೋತುಬೀಳುತ್ತದೆ, ಬೂಟಿನ ತುದಿ ನೆಲಕ್ಕೆ ಉಜ್ಜುತ್ತದೆ. ನನ್ನ ಕ್ಲಿನಿಕ್ಕಿನಲ್ಲಿ ಅಂಥವರು ಕಾರಿಡಾರಿನಲ್ಲಿ ಬರುವಾಗ ನಾನು ತಲೆ ಎತ್ತಿ ನೋಡಬೇಕಿಲ್ಲ, ಸದ್ದಿನಲ್ಲೇ ಗೊತ್ತಾಗುತ್ತದೆ. ನರ ಮತ್ತೆ ಚಿಗುರುವುದು ತಿಂಗಳುಗಟ್ಟಲೆಯ ಮಾತು. ಚಿಗುರುತ್ತದೆ ಅಂತ ಯಾವ ಡಾಕ್ಟರೂ ಬರೆದುಕೊಡುವುದಿಲ್ಲ.

ಮೊದಲ ಐದರಲ್ಲಿ ಇರಬೇಕಾಗಿದ್ದ ಸ್ಮಿತ್ 34ನೆಯವನಾಗಿ ಡಲ್ಲಾಸ್ ಕೌಬಾಯ್ಸ್‌ಗೆ ಹೋದ. ಅದೇ ಕೌಬಾಯ್ಸ್ ಅದೇ ಡ್ರಾಫ್ಟ್‌ನಲ್ಲಿ 4ನೆಯವನಾಗಿ ಆರಿಸಿದ್ದು ಎಜೀಕಿಯಲ್ ಎಲಿಯಟ್‌ನನ್ನು. ಅವನೂ ಅದೇ ಫಿಯೆಸ್ಟಾ ಬೋಲ್ ಆಡಿದವನು, ಎದುರಾಳಿ ತಂಡದಲ್ಲಿ. ಎಲಿಯಟ್‌ನ ನಾಲ್ಕು ವರ್ಷದ ಕರಾರು ಸುಮಾರು 2.5 ಕೋಟಿ ಡಾಲರ್. ಸ್ಮಿತ್‌ನದು ಸುಮಾರು 65 ಲಕ್ಷ ಡಾಲರ್. ಸ್ಮಿತ್ ಗಟ್ಟಿ ಆಸಾಮಿ, ಒಂದು ಸೀಸನ್ ಪೂರ್ತಿ ಹೊರಗೆ ಕೂತು, ಆಮೇಲೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಆಡಿ, 2019ರಲ್ಲಿ ದೊಡ್ಡ ಕರಾರು ಗಿಟ್ಟಿಸಿದ. ಎಲ್ಲರಿಗೂ ಹಾಗೆ ಆಗುವುದಿಲ್ಲ.

ನಾನೇ ಕಂಡದ್ದು ಒಂದು ಹೇಳಲೇಬೇಕು. ಎಸಿಎಲ್ ಆಪರೇಷನ್ ಆದ ಮೊದಲ ವಾರ ನಾವು ಮಾಡಿಸುವ ಮೊದಲ ವ್ಯಾಯಾಮ ನೋಡಿದರೆ ನಗು ಬರಬೇಕು. ಮೊಣಕಾಲಿನ ಕೆಳಗೆ ಟವೆಲ್ ಸುತ್ತಿ ಇಡುತ್ತೇವೆ. 'ಇದನ್ನು ಕೆಳಕ್ಕೆ ಒತ್ತು' ಅನ್ನುತ್ತೇವೆ. ಅಷ್ಟೇ. ನೂರಹತ್ತು ಕೆಜಿ ಹುಡುಗ, ತಿಂಗಳ ಹಿಂದೆ ಇನ್ನೂರು ಕೆಜಿ ಹೊತ್ತು ಕೂತು ಎದ್ದವನು, ಹಲ್ಲು ಕಚ್ಚಿ ತನ್ನ ತೊಡೆಯನ್ನೇ ನೋಡುತ್ತಾನೆ. ತೊಡೆ ಅಲುಗುವುದಿಲ್ಲ. ಊದಿಕೊಂಡ ಮೊಣಕಾಲು ಆ ಸ್ನಾಯುವನ್ನು ಮಲಗಿಸಿಬಿಟ್ಟಿರುತ್ತದೆ. ನಾನು ಅವನ ತೊಡೆ ಮೇಲೆ ಎರಡು ಬೆರಳಿಟ್ಟು ಕಾಯುತ್ತೇನೆ, ಎಲ್ಲಾದರೂ ಒಂದು ಮಿಡಿತ ಸಿಗುತ್ತದಾ ಅಂತ. ಆ ಹೊತ್ತಿಗೆ ಮೇಜಿನ ಮೇಲಿಟ್ಟ ಅವನ ಫೋನು ಗುಂಯ್ ಅನ್ನುತ್ತಲೇ ಇರುತ್ತದೆ. ಅಮ್ಮ ಇರಬಹುದು, ಏಜೆಂಟ್ ಇರಬಹುದು. ಒಬ್ಬ ಹುಡುಗ ಎತ್ತಲೇ ಇಲ್ಲ. 'ಏನಂತ ಹೇಳಲಿ?' ಅಂದ. ನನಗೂ ತೋಚಲಿಲ್ಲ. 'ಇನ್ನೊಂದು ಸಲ ಒತ್ತು' ಅಂದೆ.

ಸ್ಮಿತ್‌ಗೆ ಹಾಗಾದ ವರ್ಷದ ಕೊನೆಗೇ ಇಬ್ಬರು ದೊಡ್ಡ ಆಟಗಾರರು ಬೋಲ್ ಆಡಲ್ಲ ಅಂತ ಬಹಿರಂಗವಾಗಿ ಹೇಳಿದರು. ಎಲ್‌ಎಸ್‌ಯು ಅಂದರೆ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ ಲೆನಾರ್ಡ್ ಫೋರ್ನೆಟ್, ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಮೆಕ್ಯಾಫ್ರಿ. ಆಗ ಎದ್ದ ಗದ್ದಲ ಕೇಳಬೇಕಿತ್ತು. ಸ್ವಾರ್ಥಿ, ಹೇಡಿ, ತಂಡದ್ರೋಹಿ, ಏನೆಲ್ಲ ಅಂದರು. 2016ರ ಡಿಸೆಂಬರ್ 30ರ ಮಧ್ಯಾಹ್ನ ಎಲ್ ಪಾಸೊದಲ್ಲಿ ಸ್ಟ್ಯಾನ್‌ಫರ್ಡ್ ಮೆಕ್ಯಾಫ್ರಿ ಇಲ್ಲದೆ ಸನ್ ಬೋಲ್ ಆಡಿ 25-23ರಲ್ಲಿ ಗೆದ್ದಿತು. ಅದೇ ರಾತ್ರಿ ಮಯಾಮಿಯ ಆರೆಂಜ್ ಬೋಲ್‌ನಲ್ಲಿ ಮಿಷಿಗನ್‌ನ ಜೇಕ್ ಬಟ್‌ಗೆ ಎಸಿಎಲ್ ಹರಿಯಿತು. ಒಳ್ಳೆ ಆಟಗಾರ, ತಂಡದ ನಾಯಕ, ಆಡಲೇಬೇಕು ಅಂತ ಆಡಿದವನು. ಏಪ್ರಿಲ್‌ನಲ್ಲಿ ಫೋರ್ನೆಟ್ 4ನೆಯವನಾಗಿ ಹೋದ, ಮೆಕ್ಯಾಫ್ರಿ 8ನೆಯವನಾಗಿ. ಬಟ್ ಐದನೇ ಸುತ್ತಿನವರೆಗೂ ಕಾಯಬೇಕಾಯಿತು, 145ನೆಯವನು. ಆಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ ಅಂತ ಬಟ್ ಹೇಳಿದ, ಅದು ಅವನ ದೊಡ್ಡತನ. ಆದರೆ ಆಮೇಲೆ ಬಂದ ಹುಡುಗರು ನೆನಪಿಟ್ಟುಕೊಂಡದ್ದು ಅವನ ಮಾತನ್ನಲ್ಲ, ಆ 145ನ್ನು.

ಇಲ್ಲಿ ಒಂದು ಎಚ್ಚರಿಕೆ. ಇಂಥ ಜೋಡಿ ಕಥೆಗಳನ್ನು ಎಲ್ಲರೂ ಬಳಸುತ್ತಾರೆ, ಎಲ್ಲವೂ ಅಷ್ಟು ನೇರ ಇರುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಕೆನಿ ಪಿಕೆಟ್ ಬೋಲ್ ಬಿಟ್ಟ. ಎರಡು ದಿನದ ನಂತರ ಓಲ್ ಮಿಸ್ ಅಂತ ಕರೆಯುವ ಮಿಸಿಸಿಪ್ಪಿ ಯೂನಿವರ್ಸಿಟಿಯ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಕೊರಾಲ್ ಶುಗರ್ ಬೋಲ್ ಆಡಿ ಪಾದದ ಕೀಲು ತಿರುಚಿಕೊಂಡು, ಊರುಗೋಲು ಹಿಡಿದು ಹೊರಗೆ ನಿಂತ. ಪಿಕೆಟ್ ಮೊದಲ ಸುತ್ತಿನಲ್ಲಿ 20ನೆಯವನಾಗಿ ಹೋದ, ಕೊರಾಲ್ ಮೂರನೇ ಸುತ್ತಿನಲ್ಲಿ 94ನೆಯವನಾಗಿ. 'ನೋಡಿದ್ರಾ?' ಅಂದರು ಎಲ್ಲರೂ. ಆದರೆ ಕೊರಾಲ್‌ನ ಮೂಳೆ ಮುರಿದಿರಲಿಲ್ಲ. ಆ ವರ್ಷ ಮೊದಲ ಸುತ್ತಿನಲ್ಲಿ ಹೋದ ಕ್ವಾರ್ಟರ್‌ಬ್ಯಾಕ್ ಪಿಕೆಟ್ ಒಬ್ಬನೇ, ಮಿಕ್ಕ ಎಲ್ಲರೂ ಕೆಳಗೆ ಜಾರಿದರು. ಕೊರಾಲ್ ಆಡದೇ ಇದ್ದಿದ್ದರೂ ಹಾಗೇ ಆಗುತ್ತಿತ್ತೇನೋ. ಅಂದಹಾಗೆ ಕೊರಾಲ್‌ಗೆ ಪೆಟ್ಟಾದ ದಿನವೇ ಬೆಳಗ್ಗೆ ಟಿವಿಯಲ್ಲಿ ಕರ್ಕ್ ಹರ್ಬ್‌ಸ್ಟ್ರೀಟ್ ಅನ್ನುವ ದೊಡ್ಡ ವೀಕ್ಷಕ ವಿವರಣೆಗಾರ, ಈ ಕಾಲದ ಹುಡುಗರಿಗೆ ಫುಟ್‌ಬಾಲ್ ಮೇಲೆ ಪ್ರೀತಿಯೇ ಇಲ್ಲ ಅನ್ನುವ ಅರ್ಥದ ಮಾತು ಆಡಿದ್ದ. ಸಂಜೆಯ ಚಿತ್ರ ನೋಡಿದ ಮೇಲೆ ಆ ಮಾತು ಜನರ ಬಾಯಲ್ಲಿ ಏನಾಯಿತು ಅಂತ ನೀವೇ ಊಹಿಸಿ.

ಪ್ರೀತಿ ಇಲ್ಲ ಅನ್ನುವುದು ಸುಳ್ಳು ಅನ್ನೋದಕ್ಕೆ ಪುರಾವೆ, ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್‌ನಲ್ಲೇ ಇದೆ. 2024ರ ಸೀಸನ್‌ನಿಂದ ಹನ್ನೆರಡು ತಂಡಗಳ ಪ್ಲೇಆಫ್ ಬಂತು. ಓಹಾಯೋ ಸ್ಟೇಟ್ ಅದರಲ್ಲಿ ನಾಲ್ಕು ಪಂದ್ಯ ಆಡಿ, 2025ರ ಜನವರಿ 20ರಂದು ಫೈನಲ್ ಗೆದ್ದಿತು. ಡ್ರಾಫ್ಟ್‌ಗೆ ಮೂರು ತಿಂಗಳಷ್ಟೇ ಬಾಕಿ. ಆ ತಂಡದ 14 ಮಂದಿ ಆ ಡ್ರಾಫ್ಟ್‌ನಲ್ಲಿ ಆಯ್ಕೆಯಾದರು. ಬೋಲ್ ಬಿಡುವವರಿಗಿಂತ ಇವರ ಮೊಣಕಾಲೇನು ಕಬ್ಬಿಣದ್ದಲ್ಲ. ಗೆದ್ದರೆ ಚಾಂಪಿಯನ್ ಆಗುವ ಪಂದ್ಯ ಯಾರೂ ಬಿಡಲ್ಲ. ಗೆದ್ದರೆ ಕೋಚ್ ತಲೆ ಮೇಲೆ ಮಯೋನೀಸ್ ಬೀಳುವ ಪಂದ್ಯ ಬಿಡುತ್ತಾರೆ. ಆ ಬೋಲ್‌ಗಳಲ್ಲಿ ಒಂದು ಡಜನ್‌ಗೂ ಜಾಸ್ತಿ ಇಎಸ್‌ಪಿಎನ್ ಚಾನೆಲ್ಲಿನ ಕಂಪನಿಯದೇ. ರಜೆಯಲ್ಲಿ ಟಿವಿಗೆ ಕಾರ್ಯಕ್ರಮ ಬೇಕು, ನಡೆಸುತ್ತಾರೆ. ತಪ್ಪಲ್ಲ. ಅದಕ್ಕಾಗಿ ಕಾಲು ಪಣಕ್ಕಿಡು ಅಂತ ಇಪ್ಪತ್ತೊಂದರ ಹುಡುಗನಿಗೆ ಹೇಳುವ ಬಾಯಿ ನನಗಿಲ್ಲ.

'ವಿಮೆ ಮಾಡಿಸಬಹುದಲ್ಲ' ಅಂತ ನೀವು ಕೇಳಬಹುದು. ಮಾಡಿಸುತ್ತಾರೆ. ಸ್ಮಿತ್‌ಗೂ ಬಟ್‌ಗೂ ಇತ್ತು. ಆಟವೇ ಮುಗಿದುಹೋದರೆ ಕೊಡುವ ವಿಮೆ ಒಂದು, ಡ್ರಾಫ್ಟ್‌ನಲ್ಲಿ ಕೆಳಗೆ ಬಿದ್ದರೆ ಕೊಡುವ ವಿಮೆ ಇನ್ನೊಂದು. ಎರಡನೆಯದರ ಕರಾರುಪತ್ರ ಓದಿದರೆ ತಲೆನೋವು ಬರುತ್ತದೆ. ಇಂತಿಷ್ಟಕ್ಕಿಂತ ಕೆಳಗೆ ಬೀಳಬೇಕು, ಅದೂ ಆ ಗಾಯದಿಂದಲೇ ಬಿದ್ದದ್ದು ಅಂತ ತೋರಿಸಬೇಕು. ಬಂದರೂ ಸ್ಮಿತ್ ಕಳೆದುಕೊಂಡದ್ದಕ್ಕೆ ಎಲ್ಲಿಯ ಸಮ? 2024ರಲ್ಲಿ ಕೊಲರಾಡೊದ ಟ್ರಾವಿಸ್ ಹಂಟರ್, ಶೆಡ್ಯೂರ್ ಸ್ಯಾಂಡರ್ಸ್ ಇಬ್ಬರೂ ಭಾರಿ ವಿಮೆಯ ಮೇಲೆ ಅಲಾಮೊ ಬೋಲ್ ಆಡಿದರು. ಯೂನಿವರ್ಸಿಟಿಯೇ ಮುಂದೆ ನಿಂತು ವಿಮೆ ಮಾಡಿಸಿತ್ತು. ಇದು ಒಳ್ಳೆ ದಾರಿ. ಹುಡುಗ ಆಡಬೇಕು ಅನ್ನುವವರು ಹುಡುಗನ ಕಾಲಿಗೂ ಜವಾಬು ಕೊಡಲಿ.

ಆದರೆ ಹೀಗೆ ಪಂದ್ಯ ಬಿಡುವ ಎಲ್ಲ 'ಆಪ್ಟ್ ಔಟ್'ಗಳಿಗೂ ನನ್ನ ಚಪ್ಪಾಳೆ ಇಲ್ಲ. 2023ರಲ್ಲಿ ಫ್ಲಾರಿಡಾ ಸ್ಟೇಟ್ 13 ಪಂದ್ಯ ಆಡಿ 13ನ್ನೂ ಗೆದ್ದಿತ್ತು. ಆದರೂ ಪ್ಲೇಆಫ್‌ಗೆ ಕರೆಯಲಿಲ್ಲ. ಕೋಪ ಬರದೇ ಇರುತ್ತದಾ? ಆರೆಂಜ್ ಬೋಲ್ ಹೊತ್ತಿಗೆ ಇಪ್ಪತ್ತಕ್ಕೂ ಹೆಚ್ಚು ಹುಡುಗರು ಇರಲಿಲ್ಲ. ಕೆಲವರು ಡ್ರಾಫ್ಟ್‌ಗೆ, ಕೆಲವರು ಬೇರೆ ಕಾಲೇಜಿಗೆ. ಉಳಿದ ಎಳೆಯರು ಜಾರ್ಜಿಯಾದ ಎದುರು ನಿಂತರು. 63-3. ಬೋಲ್ ಇತಿಹಾಸದಲ್ಲೇ ಅಷ್ಟು ಅಂತರದ ಸೋಲು ಇರಲಿಲ್ಲ. ಸೋಲಿಗಿಂತ ನನಗೆ ಕಾಣುವುದು ಬೇರೆ. ತಯಾರಾಗದ ಹದಿನೆಂಟು ವರ್ಷದ ಹುಡುಗನನ್ನು ಪೂರ್ತಿ ಬೆಳೆದ ಆಳಿನ ಎದುರು ಮೂರು ಗಂಟೆ ನಿಲ್ಲಿಸಿದರೆ ಅವನ ಮೊಣಕಾಲಿಗೂ ಅಪಾಯವೇ. ದೊಡ್ಡವನ ಅಪಾಯ ಮಾಯ ಆಗುವುದಿಲ್ಲ, ಚಿಕ್ಕವನ ಹೆಗಲಿಗೆ ಬರುತ್ತದೆ. ಚಿಕ್ಕವನಿಗೆ ವಿಮೆಯೂ ಇಲ್ಲ.

ಇನ್ನೊಂದು ಕಡೆ, ಆ ಖಾಲಿ ಜಾಗವೇ ಯಾರಿಗೋ ಬಾಗಿಲು. ಮೆಕ್ಯಾಫ್ರಿ ಬಿಟ್ಟ ಸನ್ ಬೋಲ್‌ನಲ್ಲಿ ಅವನ ಜಾಗಕ್ಕೆ ಬಂದವನು ಬ್ರೈಸ್ ಲವ್. ಮುಂದಿನ ಸೀಸನ್‌ನಲ್ಲಿ ಚೆಂಡು ಹಿಡಿದು 2,118 ಗಜ ಓಡಿ, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಪಟ್ಟಿಯಲ್ಲಿ ಎರಡನೆಯವನಾದ. ಆಗಲೇ ಡ್ರಾಫ್ಟ್‌ಗೆ ಹೋಗಬಹುದಿತ್ತು. ಹೋಗಲಿಲ್ಲ. ಮುಂದೆ ಮಕ್ಕಳ ಡಾಕ್ಟರ್ ಆಗುವ ಆಸೆ ಇಟ್ಟುಕೊಂಡಿದ್ದ ಹುಡುಗ, ಓದು ಮುಗಿಸಬೇಕು ಅಂತ ಇನ್ನೊಂದು ವರ್ಷ ಉಳಿದ. 2018ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನ ಹೊಗೆಯಿಂದ ಬರ್ಕ್ಲಿಯ ಪಂದ್ಯ ಎರಡು ವಾರ ಮುಂದೆ ಹೋಯಿತು. ಮುಂದೆ ಹೋದ ಆ ಪಂದ್ಯದಲ್ಲಿ, ಡಿಸೆಂಬರ್ 1ಕ್ಕೆ, ಅವನ ಎಸಿಎಲ್ ಹರಿಯಿತು. ಅದು ಬೋಲ್ ಅಲ್ಲ, ಮಾಮೂಲಿ ಸೀಸನ್ ಪಂದ್ಯ. ನಾಲ್ಕನೇ ಸುತ್ತಿನಲ್ಲಿ ವಾಷಿಂಗ್ಟನ್ ತಂಡ ಆರಿಸಿತು. ಎನ್‌ಎಫ್‌ಎಲ್‌ನಲ್ಲಿ ಒಂದೇ ಒಂದು ಸೀಸನ್ ಪಂದ್ಯ ಆಡಲಿಲ್ಲ. ಬೋಲ್ ಬಿಟ್ಟವನ ಜಾಗದಲ್ಲಿ ಆಡಿದವನ ಕಥೆ ಇದು. ನಾನು ಇದನ್ನು ಹೊಸ ಹುಡುಗರಿಗೆ ಹೇಳುವುದಿಲ್ಲ. ನಿಮಗೆ ಹೇಳುತ್ತಿದ್ದೇನೆ.

ಕ್ಯಾಮ್ ವಾರ್ಡ್‌ನದು ಇನ್ನೊಂದು ತಮಾಷೆ. ಮಯಾಮಿಯ ಕ್ವಾರ್ಟರ್‌ಬ್ಯಾಕ್, 2024ರ ಪಾಪ್-ಟಾರ್ಟ್ಸ್ ಬೋಲ್‌ನಲ್ಲಿ ಮೊದಲರ್ಧ ಆಡಿದ, ದಾಖಲೆ ಮಾಡಿದ, ಎರಡನೇ ಅರ್ಧಕ್ಕೆ ಹೊರಗೆ ಕೂತ. ಮುಂದಿದ್ದ ತಂಡ 42-41ರಲ್ಲಿ ಸೋತಿತು. ಏಪ್ರಿಲ್‌ನಲ್ಲಿ ಅವನೇ ಡ್ರಾಫ್ಟ್‌ನ ಮೊದಲನೆಯವನು. ಆಡುವುದಾದರೆ ಆಡು, ಬಿಡುವುದಾದರೆ ಬಿಡು, ಅಲ್ವಾ? ಮದುವೆಗೆ ಬಂದು ತಾಳಿ ಕಟ್ಟುವ ಮುಂಚೆ ಊಟ ಮಾಡಿ ಹೊರಟ ಹಾಗಾಯಿತು.

ಇನ್ನು 'ತಂಡಕ್ಕೆ ನಿಷ್ಠೆ' ಅನ್ನುವ ಮಾತು. ಆ ನಿಷ್ಠೆ ಕೋಚ್‌ಗಳಿಂದ ಶುರುವಾಗಲಿ ಅಂತ ನನ್ನ ಅನಿಸಿಕೆ. 2021ರಲ್ಲಿ ಬ್ರಯನ್ ಕೆಲಿ ನೋಟರ್ ಡೇಮ್ ಬಿಟ್ಟು ಎಲ್‌ಎಸ್‌ಯುಗೆ ಹೋದಾಗ ನೋಟರ್ ಡೇಮ್‌ಗೆ ಪ್ಲೇಆಫ್ ಆಸೆ ಇನ್ನೂ ಇತ್ತು. 2025ರ ನವೆಂಬರ್ ಕೊನೆಗೆ ಲೇನ್ ಕಿಫಿನ್ ಓಲ್ ಮಿಸ್ ಬಿಟ್ಟು ಅದೇ ಎಲ್‌ಎಸ್‌ಯುಗೆ ಹೋದಾಗ ತಂಡ ಪ್ಲೇಆಫ್ ಹೊಸ್ತಿಲಲ್ಲಿತ್ತು. ಅದೇ ಡಿಸೆಂಬರ್‌ನಲ್ಲಿ ಪ್ಲೇಆಫ್ ತಪ್ಪಿದ ನೋಟರ್ ಡೇಮ್, ನಮಗೆ ಬೋಲ್ ಬೇಡ ಅಂತ ಇಡೀ ತಂಡವನ್ನೇ ಮನೆಗೆ ಕಳಿಸಿತು. ಹುಡುಗ ಒಬ್ಬ ಬಿಟ್ಟರೆ ದ್ರೋಹ, ಯೂನಿವರ್ಸಿಟಿ ಬಿಟ್ಟರೆ ತೀರ್ಮಾನ!

ಒಂದು ಬದಲಾವಣೆಯನ್ನು ಮಾತ್ರ ಒಪ್ಪಲೇಬೇಕು. ಮೊದಲು ಈ ಹುಡುಗರಿಗೆ ಸ್ಕಾಲರ್‌ಶಿಪ್ ಬಿಟ್ಟರೆ ಕಾಸು ಇರಲಿಲ್ಲ. 2021ರ ಜುಲೈನಿಂದ ಜಾಹೀರಾತಿನಿಂದ ಗಳಿಸಬಹುದು. 2025ರ ಜುಲೈನಿಂದ ಯೂನಿವರ್ಸಿಟಿಗಳೇ ನೇರವಾಗಿ ಕೊಡಬಹುದು, ಮೊದಲ ವರ್ಷ ಒಂದು ಯೂನಿವರ್ಸಿಟಿಗೆ 2.05 ಕೋಟಿ ಡಾಲರ್ ಮಿತಿ. ದುಡ್ಡು ತಗೊಂಡ ಮೇಲೆ ಲೆಕ್ಕ ಬೇರೆ. ಕರಾರಿನಲ್ಲೇ 'ಬೋಲ್ ಆಡಿದರೆ ಇಷ್ಟು, ಬಿಟ್ಟರೆ ಇಷ್ಟು ಕಡಿತ' ಅಂತ ಬರೆಯಲಿ, ಹುಡುಗ ಸಹಿ ಹಾಕಲಿ, ಆಮೇಲೆ ಬಿಟ್ಟರೆ ನಾನೂ ನಿಮ್ಮ ಮಗಳ ಪಕ್ಷ. ನಮ್ಮ ಕ್ರಿಕೆಟ್‌ನಲ್ಲಿ ಇರುವುದು ಅದೇ ಅಲ್ವಾ? ರಣಜಿ ಬಿಟ್ಟರು ಅನ್ನುವ ಮಾತು ಎದ್ದಿದ್ದಾಗಲೇ 2024ರಲ್ಲಿ ಇಶಾನ್ ಕಿಶನ್, ಶ್ರೇಯಸ್ ಅಯ್ಯರ್ ಬಿಸಿಸಿಐ ಗುತ್ತಿಗೆ ಪಟ್ಟಿಯಿಂದ ಹೊರಗಾದರು. 2025ರ ಜನವರಿಯಲ್ಲಿ ನಮ್ಮ ರಾಹುಲ್ ಚಿನ್ನಸ್ವಾಮಿಯಲ್ಲಿ ಹರಿಯಾಣದ ಎದುರು ರಣಜಿ ಆಡಿದ. ಅಲ್ಲಿ ಸಂಬಳವೂ ಇದೆ, ಗಾಯ ಆದರೆ ನೋಡಿಕೊಳ್ಳುವವರೂ ಇದ್ದಾರೆ. ಮಾತು ಕೇಳಿಸುವ ಹಕ್ಕು ಅಲ್ಲಿಂದ ಬರುತ್ತದೆ.

ನನ್ನನ್ನು ಹುಡುಗರೇ ಕೇಳಿದರೆ ಏನು ಹೇಳುತ್ತೇನೆ? ಮೊದಲ ಎರಡು ಸುತ್ತಿನಲ್ಲಿ ಹೋಗುವುದು ಖಚಿತ ಇದ್ದು, ಪಂದ್ಯ ಪ್ಲೇಆಫ್ ಅಲ್ಲದಿದ್ದರೆ, ಬಿಡು. ನಾಲ್ಕು, ಐದನೇ ಸುತ್ತಿನ ಅಂದಾಜಿದ್ದರೆ ಆಡು. ನಿನ್ನನ್ನು ಸರಿಯಾಗಿ ನೋಡದ ಸ್ಕೌಟ್, ಅಂದರೆ ಎನ್‌ಎಫ್‌ಎಲ್ ತಂಡಕ್ಕೆ ಹುಡುಗರನ್ನು ಹುಡುಕುವವನ ಕಣ್ಣಿಗೆ ಬೀಳಲು ಅದೇ ಕೊನೆಯ ಅವಕಾಶ. ದೊಡ್ಡವರು ಬಿಟ್ಟರು ಅಂತ ತಾನೂ ಬಿಡುವ ಈ ಮಧ್ಯದ ಹುಡುಗರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಯಾರೋ ಏಜೆಂಟ್ ಕಿವಿ ಊದಿರುತ್ತಾನೆ. ಡ್ರಾಫ್ಟ್ ದಿನ ಆ ಹುಡುಗನ ಫೋನು ಗುಂಯ್ ಅನ್ನುವುದೇ ಇಲ್ಲ.

'ಗಾಯವೇನೂ ಇಲ್ಲ' ಅಂತ ಬರೆದಿದ್ದೀರಿ. ಅದನ್ನು ಅಷ್ಟು ಗಟ್ಟಿಯಾಗಿ ಹೇಳಬೇಡಿ. ಡಿಸೆಂಬರ್ ಹೊತ್ತಿಗೆ ಹನ್ನೆರಡು ಪಂದ್ಯ ಆಡಿದ ಒಬ್ಬ ಹುಡುಗನೂ ಸರಿ ಇರುವುದಿಲ್ಲ. ಭುಜದ ಕೀಲು ಸಡಿಲ, ಕೈಬೆರಳು ಬಾತಿರುತ್ತದೆ, ಪಾದದ ಕೀಲಿಗೆ ಪ್ರತಿ ಶನಿವಾರ ಟೇಪ್. ಫೋರ್ನೆಟ್ ಆ ಇಡೀ ಸೀಸನ್ ಪಾದದ ಕೀಲಿನ ನೋವಿನಲ್ಲೇ ಇದ್ದ. ಎಷ್ಟೋ ಆಪ್ಟ್ ಔಟ್‌ಗಳು ಒಳಗೆ ಚಿಕಿತ್ಸೆಗೆ ಸಿಕ್ಕ ರಜೆ. ಡ್ರಾಫ್ಟ್ ಮುಂಚೆ ಗಾಯದ ಹೆಸರು ಹೊರಗೆ ಹೇಳಲು ಯಾರಿಗೂ ಇಷ್ಟ ಇರುವುದಿಲ್ಲ, ಆಪ್ಟ್ ಔಟ್ ಅಂತ ಹೇಳುವುದು ವಾಸಿ. ಜತೆಗೆ, ಆ ಹುಡುಗ ಜಾಕೆಟ್ ಹಾಕಿಕೊಂಡಾದರೂ ಬಂದು ನಿಂತಿದ್ದ. ಹೋಟೆಲಿಗೂ ಬರದೆ, ಎಲ್ಲೋ ಜಿಮ್ಮಿನಲ್ಲಿ ಕಂಬೈನ್ ಓಟಕ್ಕೆ ತಯಾರಾಗುವವರೇ ಜಾಸ್ತಿ. ಮಗಳನ್ನು ಕೇಳಿ ನೋಡಿ, ಅವನ ಜಾಗದಲ್ಲಿ ಆಡಿದ ಹುಡುಗ ಹೊರಗೆ ಬಂದಾಗ ಇವನು ಹೋಗಿ ಏನಾದರೂ ಹೇಳುತ್ತಿದ್ದನಾ ಅಂತ. ಬ್ಯಾಂಡ್‌ನವರ ಕಣ್ಣಿಗೆ ಅದೆಲ್ಲ ಬೀಳುತ್ತದೆ.

ಟಿಕೆಟ್ ವಿಷಯ. ಬೋಲ್ ಯಾವುದು ಅಂತ ಡಿಸೆಂಬರ್ ಮೊದಲ ವಾರ ಗೊತ್ತಾಗುತ್ತದೆ, ಯಾರು ಆಡಲ್ಲ ಅನ್ನುವುದು ಸಾಮಾನ್ಯವಾಗಿ ಅದಾದ ಎರಡು ವಾರದಲ್ಲಿ ಗೊತ್ತಾಗುತ್ತದೆ. ವಿಮಾನ, ಹೋಟೆಲ್ ಮೊದಲೇ ಮಾಡಿ, ಪಂದ್ಯದ ಟಿಕೆಟ್ ಮಾತ್ರ ಕೊನೆಗೆ ತಗೊಳ್ಳಿ. ಪ್ಲೇಆಫ್ ಅಲ್ಲದ ಬೋಲ್‌ಗಳಿಗೆ ಕೊನೆ ದಿನಗಳಲ್ಲಿ ಬೆಲೆ ಇಳಿಯುವುದೇ ಹೆಚ್ಚು. ದೊಡ್ಡ ಆಟಗಾರ ಬಿಟ್ಟ ಅಂತ ಸುದ್ದಿ ಬಂದರಂತೂ ಇನ್ನೂ ಇಳಿಯಬಹುದು, ಅದು ನಿಮಗೆ ಲಾಭವೇ. ನೀವು ಹೋಗುವುದು ಹೇಗೂ ಟ್ರಂಪೆಟ್ ಕೇಳಲಿಕ್ಕೆ. ಬ್ಯಾಂಡ್‌ನವರು ಯಾವ ಕಡೆ ಕೂರುತ್ತಾರೆ ಅಂತ ಮಗಳನ್ನು ಮೊದಲೇ ಕೇಳಿ, ಅದರ ಎದುರು ಬದಿಯಲ್ಲಿ ಸೀಟು ಹಿಡಿಯಿರಿ. ಹಿಂದೆ ಕೂತರೆ ಮೂರು ಗಂಟೆ ಟೋಪಿಗಳ ಗರಿ ಮಾತ್ರ ಕಾಣುತ್ತದೆ.